ಪರೀಕ್ಷಕನನ್ನು ಪರೀಕ್ಷಿಸುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ, "ಅಣ್ಣ, ನೀವು ಪೈಲಟ್ಟಾ?" ಎಂದು ಕೇಳಿದ. ಅಲ್ಲಪ್ಪ, ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಪೈಲಟ್‌ಗಳ ತರಬೇತಿ ಮತ್ತು ಪರೀಕ್ಷೆಗಳ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮ ತಂಡದ್ದು. ಈ ಕೆಲಸದಿಂದ ನನಗೆ ಪರಿಚಯವಾದ ಹುದ್ದೆಯೊಂದಿದೆ: ಚೆಕ್ ಪೈಲಟ್. ಅಂದರೆ ಪೈಲಟ್‌ಗಳನ್ನು ಪರೀಕ್ಷಿಸುವ ಪೈಲಟ್.

ನಮಗೆಲ್ಲ ಎಸ್.ಎಸ್.ಎಲ್.ಸಿ. ಒಂದು ಸಲ ಪಾಸಾದರೆ ಮುಗಿಯಿತು. ಪೈಲಟ್‌ಗೆ ಹಾಗಲ್ಲ. ಸುಮಾರು ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ವಿಮಾನದ ಮೂತಿಯನ್ನೇ ಕತ್ತರಿಸಿ ತಂದಿಟ್ಟಂಥ ಯಂತ್ರ ಅದು. ಮೇಲೇಳಲು ಓಡುತ್ತಿರುವಾಗಲೇ ಹಿಂದೆ ಕುಳಿತ ಪರೀಕ್ಷಕ ಒಂದು ಗುಂಡಿ ಒತ್ತಿ ಎಂಜಿನ್ ಕೆಡಿಸುತ್ತಾನೆ. ನಿಲ್ಲಿಸಬೇಕೋ, ಹಾರಬೇಕೋ? ನಿರ್ಧಾರಕ್ಕೆ ಸಿಗುವುದು ಒಂದೆರಡು ಕ್ಷಣ. ಫೇಲಾದರೆ ಮತ್ತೆ ತರಬೇತಿ ಪಡೆದು ಪಾಸಾಗುವವರೆಗೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ.

ಹಾಗಾದರೆ ಆ ಹಿಂದಿನ ಕುರ್ಚಿಗೆ ಹೋಗುವ ದಾರಿ ಯಾವುದು? ನಮ್ಮ ದೇಶದಲ್ಲಿ ಮೊದಲ ಮೆಟ್ಟಿಲು ವಾಣಿಜ್ಯ ಪೈಲಟ್ ಲೈಸೆನ್ಸ್. ಅದಕ್ಕೆ ವಯಸ್ಸು 18 ತುಂಬಿರಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು, ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, 200 ಗಂಟೆ ಹಾರಿರಬೇಕು. ಆಮೇಲೆ ವರ್ಷಗಟ್ಟಲೆ ಸಹ ಪೈಲಟ್. ವಿಮಾನಯಾನ ಸಂಸ್ಥೆಯಲ್ಲಿ ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1500 ಗಂಟೆಗಳ ಅನುಭವ. ಕ್ಯಾಪ್ಟನ್ ಆಗಿ ಸಾಕಷ್ಟು ಹಾರಿದ ಮೇಲೆ, ದಾಖಲೆ ಶುದ್ಧವಾಗಿದ್ದರೆ, ಸಂಸ್ಥೆ ಅವರನ್ನು ಮೊದಲು ತರಬೇತುದಾರರಾಗಿ ಆರಿಸುತ್ತದೆ. ಅಲ್ಲಿಯೂ ಪಳಗಿದವರ ಹೆಸರನ್ನೇ ಪರೀಕ್ಷಕರ ಹುದ್ದೆಗೆ ಕಳಿಸುವುದು. ಅವರು ಬೇರೆ ಪರೀಕ್ಷಕರ ಪಕ್ಕ ಕುಳಿತು ನೋಡಿ ಕಲಿಯುತ್ತಾರೆ. ಕೊನೆಗೆ ತಾವೇ ಒಂದು ಪರೀಕ್ಷೆ ನಡೆಸಬೇಕು, ಅದನ್ನು ಇನ್ನೊಬ್ಬರು ಕುಳಿತು ಪರೀಕ್ಷಿಸುತ್ತಾರೆ! ಒಪ್ಪಿಗೆ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಆ ಒಪ್ಪಿಗೆಗೂ ಅವಧಿ ಇದೆ. ಪರೀಕ್ಷಕರಾದರೂ ತಮ್ಮ ಆರು ತಿಂಗಳ ಪರೀಕ್ಷೆ ತಪ್ಪುವುದಿಲ್ಲ.

ಚೆನ್ನಾಗಿ ಹಾರಿಸಲು ಬಂದರೆ ಸಾಲದು. ಕಲಿಸುವಾಗ ತಪ್ಪನ್ನು ತಿದ್ದಬೇಕು, ಪರೀಕ್ಷೆ ಮಾಡುವಾಗ ಬಾಯಿ ಮುಚ್ಚಿಕೊಂಡು ನೋಡಬೇಕು. ಜೊತೆಗೆ ಊಟ ಮಾಡಿದ ಗೆಳೆಯನಿಗೂ "ಫೇಲ್" ಎಂದು ಬರೆಯುವ ಗಟ್ಟಿತನ ಬೇಕು.

ಇಷ್ಟೆಲ್ಲ ಜರಡಿ ಹಿಡಿದರೂ ಒಂದು ಅಪಾಯ ಉಳಿಯುತ್ತದೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಇಲ್ಲದೆ ಓಟ ಶುರು ಮಾಡಿದ ಕೆಎಲ್ಎಂ ಕ್ಯಾಪ್ಟನ್ ಸಾಮಾನ್ಯನಲ್ಲ, ಆ ಸಂಸ್ಥೆಯ ಹಿರಿಯ ತರಬೇತುದಾರ ಮತ್ತು ಪರೀಕ್ಷಕ. ಪಕ್ಕದಲ್ಲಿದ್ದ ಸಹ ಪೈಲಟ್‌ನನ್ನು 747ಕ್ಕೆ ಪರೀಕ್ಷಿಸಿ ಪಾಸು ಮಾಡಿದ್ದವನೂ ಆತನೇ. ಸಹ ಪೈಲಟ್ ಒಮ್ಮೆ ತಡೆದ, ಎರಡನೇ ಸಲ ಗಟ್ಟಿಯಾಗಿ ತಡೆಯಲಿಲ್ಲ. ಎಂಜಿನಿಯರ್ ಅನುಮಾನದಿಂದ ಕೇಳಿದ, ಕ್ಯಾಪ್ಟನ್ ತಳ್ಳಿಹಾಕಿದ. ಹಿರಿಯರ ತಪ್ಪನ್ನು ಕಿರಿಯರು ಹೇಳುವುದು, ಹಿರಿಯರು ಕೇಳಿಸಿಕೊಳ್ಳುವುದು ಇವೆರಡನ್ನೂ ಈಗ ಪೈಲಟ್‌ಗಳಿಗೆ ಪಾಠವಾಗಿಯೇ ಕಲಿಸುತ್ತಾರೆ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕಾರಣ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನನ್ನು ಸಂದರ್ಶನ ಮಾಡಿ ಆಯ್ಕೆ ಮಾಡಿದ್ದ ಹಿರಿಯರೇ ಬರೆದ ಕೋಡನ್ನು ಪರಿಶೀಲಿಸುವ ಕೆಲಸ ನನಗೆ ಬಂತು. ಪರೀಕ್ಷೆಯ ದಿನಕ್ಕೆ ಆರು ತಿಂಗಳು ಕೂಡಿಸುವ ಲೆಕ್ಕ ಅದು. ಆಗಸ್ಟ್ 31ಕ್ಕೆ ಆರು ತಿಂಗಳು ಕೂಡಿಸಿದರೆ ಫೆಬ್ರವರಿ 31. ಅಂಥ ದಿನವೇ ಇಲ್ಲವಲ್ಲ ಎಂಬ ಅನುಮಾನ ನನಗೆ ಬಂದಿತ್ತು. ಅವರಿಗೆ ಗೊತ್ತಿಲ್ಲದಿರುತ್ತದೆಯೇ ಎಂದು ಸುಮ್ಮನೆ ಒಪ್ಪಿಗೆ ಒತ್ತಿದೆ. ಕಂಪ್ಯೂಟರ್ ಅದನ್ನು ಮಾರ್ಚ್ 3 ಎಂದು ಓದಿತು. ಫೆಬ್ರವರಿ ಕೊನೆಗೇ ಅವಧಿ ಮುಗಿಯುವ ಪೈಲಟ್‌ಗೆ ಪರದೆಯ ಮೇಲೆ ಇನ್ನೂ ಮೂರು ದಿನ ಉಳಿದಂತೆ ಕಾಣುತ್ತಿತ್ತು. ಡ್ಯೂಟಿ ಪಟ್ಟಿ ತಯಾರಿಸುವ ಹೆಣ್ಣುಮಗಳೊಬ್ಬಳು ಗೋಡೆಯ ಕ್ಯಾಲೆಂಡರ್ ನೋಡಿ ಫೋನ್ ಮಾಡಿದ್ದರಿಂದ ಅನಾಹುತವಾಗಲಿಲ್ಲ. ಆ ಹಿರಿಯರು ನನಗೆ ಬೈಯಲಿಲ್ಲ. "ನೀನು ಕೇಳಬೇಕಿತ್ತು" ಎಂದರು, ಅಷ್ಟೇ.

ಆ ರಾತ್ರಿ ನನಗೆ ನೆನಪಾದದ್ದು ಇದೇ ಶಾಲೆಯ ಹತ್ತನೇ ತರಗತಿಯ ಕೋಣೆ. ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಚಿಹ್ನೆ ತಪ್ಪಾಗಿ ಬರೆದಿದ್ದರು. ನಾನು ನೋಡಿದ್ದೆ, ಸುಮ್ಮನಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಸಾರ್, ಅಲ್ಲಿ ಮೈನಸ್" ಎಂದಳು. ಮೇಷ್ಟ್ರು ಒಂದು ಕ್ಷಣ ನೋಡಿ, ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟರು. ಪಾಠ ನನ್ನ ಕಣ್ಣೆದುರೇ ನಡೆದಿತ್ತು. ನನಗೆ ಹತ್ತಲು ಹತ್ತು ವರ್ಷ ಬೇಕಾಯಿತು.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಪೈಲಟ್ ಆಗುವ ಆಸೆ ಇದ್ದರೆ ಗಣಿತ, ಭೌತಶಾಸ್ತ್ರ ಬಿಡಬೇಡಿ. ಖರ್ಚು ಬಹಳ, ನಿಜ; ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ತರಬೇತಿ ಶಾಲೆಯೂ ಇದೆ, ವಿಚಾರಿಸಿ. ಪೈಲಟ್ ಆಗದಿದ್ದರೂ ಚಿಂತೆಯಿಲ್ಲ. ತಪ್ಪು ಕಂಡರೆ ಎದ್ದು ನಿಂತು ಕೇಳಿ. ನಾಳೆ ನೀವು ದೊಡ್ಡವರಾದಾಗ ಯಾರಾದರೂ ಕೇಳಿದರೆ ಸೀಮೆಸುಣ್ಣ ಅವರ ಕೈಗೆ ಕೊಡಿ.

ಆ ಮೇಷ್ಟ್ರು ಇವತ್ತು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಸಾರ್, ಅವತ್ತು ನನಗೂ ಆ ಮೈನಸ್ ಕಂಡಿತ್ತು. ಹೇಳಲಿಲ್ಲ, ಕ್ಷಮಿಸಿ. ನಿಮಗೆ ನನ್ನ ನಮಸ್ಕಾರ.