ಮಾಳಿಗೆಗೆ ತೂತು ತೆಗೆದ ಮೇಲೆ

ಮಾಳಿಗೆ ಸೋರುತ್ತದೆ ಎಂದು ಅನುಭವಸ್ಥ ಗೌಂಡಿಯನ್ನು ಕರೆಯಿಸಿ ನೋಡಿರಿ. ಆತ ಮಾಳಿಗೆಯ ನಡುವೆ ನಿಂತು ಹೊತ್ತು ಕಳೆಯುವುದಿಲ್ಲ. ನೆಟ್ಟಗೆ ಬೆಳಕಿಂಡಿಯ ಬುಡಕ್ಕೆ, ಕೊಳವೆಯ ಸುತ್ತಿಗೆ, ನೀರು ಹೊರಚೆಲ್ಲುವ ದೋಣಿಯ ಮಗ್ಗುಲಿಗೆ ಹೋಗಿ ಕುಳಿತುಬಿಡುತ್ತಾನೆ. ನಾವು ಬೇಕೆಂದು ತೂತು ತೆಗೆದಲ್ಲಿಯೇ ಬೇಡವಾದ ನೀರೂ ಒಳಗೆ ಬರುವುದು. ಹಾಗೆಂದು ತೂತು ತೆಗೆಯದೆ ಇರಲಾದೀತೆ? ಬೆಳಕು ಬೇಕು, ಹೊಗೆ ಹೋಗಬೇಕು, ವಿದ್ಯುತ್ತಿನ ತಂತಿ ಒಳಗೆ ಬರಬೇಕು. ತೂತಿಲ್ಲದ ಮನೆ ಜೋಳ ತುಂಬುವ ಹಗೇವಾದೀತೇ ಹೊರತು ಮನುಷ್ಯರು ಬಾಳುವ ಮನೆಯಾಗದು.

ತೂತಿನ ಸುತ್ತ ನೀರು ಇಳಿಯದಂತೆ ಹಾಕುವ ಕಟ್ಟನ್ನು ಇಂಜಿನಿಯರರು 'ಫ್ಲಾಶಿಂಗ್' ಎನ್ನುತ್ತಾರೆ. ಈ ಮಾತಿನ ಮಟ್ಟಿಗೆ ನಾವು ಅದನ್ನು ಕೊರಳಪಟ್ಟಿ ಎಂದು ಕರೆಯೋಣ. ಹೆಸರು ಹೊಸದಾದರೂ ಕೆಲಸ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಯಳವತ್ತಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಕಡೆಯ ಹಳೆಯ ಮಣ್ಣಿನ ಮಾಳಿಗೆಯನ್ನು ನೆನೆಯಿರಿ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಹೊಲದಲ್ಲಿ ಬೆಳೆ ಕೆಡಿಸುವ ಈ ಸವಳು ಮಾಳಿಗೆಯ ಮೇಲೆ ಕಾವಲುಗಾರ. ಅದರಲ್ಲಿರುವ ಸೋಡಿಯಮ್ಮಿನಿಂದಾಗಿ, ನೀರು ಬಿದ್ದೊಡನೆ ಜೇಡಿಯ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ, ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹುಲ್ಲೂ ಸುಲಭವಾಗಿ ಬೇರೂರದು. ಎರೆಮಣ್ಣನ್ನು ಹಾಕಿದರೆ ಒಂದೇ ಬೇಸಿಗೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟೀತು.

ಈ ಮಾಳಿಗೆಯ ಬೆಳಕಿಂಡಿಗೆ ಬುಡ ಒಡೆದ ಗಡಿಗೆಯನ್ನು ಕೂಡಿಸುವ ರೂಢಿಯುಂಟು. ಗಡಿಗೆಯ ಕೊರಳು ಮಾಳಿಗೆಯ ಮಟ್ಟದಿಂದ ಮೇಲೆ ಎದ್ದು ನಿಲ್ಲುತ್ತದೆ. ಮಾಳಿಗೆಯ ಮೇಲೆ ಹರಿಯುವ ನೀರು ಆ ಕೊರಳನ್ನು ಏರಲಾರದೆ ಬಳಸಿ ಹೋಗುತ್ತದೆ. ಮೇಲಿನಿಂದ ಬೀಳುವ ನೀರಿಗೆ ಒಂದು ಮುಚ್ಚಳ. ಕೊರಳಪಟ್ಟಿಯ ಶಾಸ್ತ್ರವೆಲ್ಲ ಇಷ್ಟೇ: ತೂತಿನ ಅಂಚನ್ನು ಎತ್ತರಿಸಬೇಕು, ಮೇಲಿನದು ಕೆಳಗಿನದರ ಮೇಲೆ ಹೊದ್ದುಕೊಳ್ಳಬೇಕು.

ಇದೇ ಯುಕ್ತಿಯನ್ನು ಕಲ್ಲಿನಲ್ಲಿ ನೋಡಬಯಸುವವರು ಐಹೊಳೆಗೆ ಹೋಗಬೇಕು. ಅಲ್ಲಿಯ ಲಾಡಖಾನ್ ಗುಡಿಯ ಇಳಿಜಾರು ಛಾವಣಿಯಲ್ಲಿ ಎರಡು ಚಪ್ಪಡಿ ಕೂಡುವ ಸಂದಿನ ಮೇಲೆಲ್ಲ ಮರದ ತೊಲೆಯ ಆಕಾರದ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿದ್ದಾರೆ. ಚಾಲುಕ್ಯರ ಶಿಲ್ಪಿಗಳು ಸಂದನ್ನು ಗಾರೆ ತುಂಬಿ ಮುಚ್ಚಿದರೆ ಸಾಕೆಂದು ನಂಬಲಿಲ್ಲ.

ನಾವು ನಂಬುತ್ತೇವೆ! ಕಾಂಕ್ರೀಟಿನ ಸ್ಲ್ಯಾಬನ್ನು ಒಡೆದು ಪಿ.ವಿ.ಸಿ. ಕೊಳವೆ ತೂರಿಸಿ, ಸುತ್ತಲೂ ಒಂದು ಬೊಗಸೆ ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುತ್ತೇವೆ. ಎರಡನೆಯ ಮಳೆಗಾಲಕ್ಕೆ ಒಳಗೆ ಹಳದಿ ಕಲೆ. ಕಾರಣ ಬಿಸಿಲು. ಮೂರು ಮೀಟರು ಉದ್ದದ ಕೊಳವೆ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರು ಬೆಳೆಯುತ್ತದೆ. ಅಷ್ಟೇ ಉದ್ದದ ಕಾಂಕ್ರೀಟು ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಕೊಳವೆ, ಮೆತ್ತಿದ ಸಿಮೆಂಟಿನಿಂದ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ನೀರಿಗೆ ಅಷ್ಟು ಸಾಕು. ಮೇಲೆ ಮತ್ತೆ ಸಿಮೆಂಟು ಬಳಿದರೆ ಮತ್ತೆ ಅದೇ ಕಥೆ.

ಹೊಸ ಮನೆ ಕಟ್ಟಿಸುವವರು ಸ್ಲ್ಯಾಬು ಹಾಕುವ ದಿನವೇ, ಬೇಕಾದ ಕೊಳವೆಗಿಂತ ದಪ್ಪನಾದ ಇನ್ನೊಂದು ಕೊಳವೆಯ ತುಂಡನ್ನು ಅಲ್ಲಿ ನಿಲ್ಲಿಸಬೇಕು. ಮುಗಿದ ಮಾಳಿಗೆಯಿಂದ ಅದು ಅರ್ಧ ಅಡಿಯಾದರೂ ಮೇಲಿರಲಿ. ಅದರ ಬುಡದ ಕೋನವನ್ನು ಚೂಪಾಗಿ ಬಿಡದೆ, ನೀರು ನಿಲ್ಲದಂತೆ ಉರುಟಾಗಿ ಇಳಿಜಾರು ಮಾಡಿಸಿರಿ. ನಿಜವಾದ ಕೊಳವೆ ಈ ಹೊರಕೊಳವೆಯೊಳಗೆ ಸಡಿಲಾಗಿ ಹಾಯಲಿ. ಆಮೇಲೆ ಕೊಳವೆಗೆ ಒಂದು ತಗಡಿನ ಅಥವಾ ರಬ್ಬರಿನ ಟೊಪ್ಪಿಗೆ ತೊಡಿಸಿ, ಅದರ ಅಂಚು ಹೊರಕೊಳವೆಯ ಬಾಯಿಯನ್ನು ದಾಟಿ ಕೆಳಗೆ ಇಳಿಯುವಂತೆ ಮಾಡಿರಿ. ಕೊಳವೆ ಹಿಗ್ಗಲಿ, ಕುಗ್ಗಲಿ, ಟೊಪ್ಪಿಗೆ ಅದರೊಡನೆಯೇ ಆಡುತ್ತದೆ. ಡಿಶ್ಶು, ಬಿಸಿನೀರಿನ ಸೌರಯಂತ್ರ ಇವುಗಳಿಗಾಗಿ ಸ್ಲ್ಯಾಬನ್ನೇ ಕೊರೆಯುವುದು ಬೇಡ. ಕಾಂಕ್ರೀಟಿನ ಸಣ್ಣ ಕಟ್ಟೆ ಕಟ್ಟಿಸಿ ಅದಕ್ಕೆ ಬೋಲ್ಟು ಹಾಕಿಸಿರಿ.

ತಗಡಿನ ಮನೆಯವರಿಗೆ ಎರಡೇ ಮಾತು. ಮೊಳೆಯನ್ನು ತಗಡಿನ ಉಬ್ಬಿನಲ್ಲಿ ಹೊಡೆಯಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಹೊಗೆಕೊಳವೆಯ ಸುತ್ತಿನ ಪಟ್ಟಿಯ ಮೇಲಂಚು ಮೇಲಿನ ತಗಡಿನ ಕೆಳಗೆ ಹೋಗಬೇಕು, ಕೆಳಂಚು ಕೆಳಗಿನ ತಗಡಿನ ಮೇಲೆ ಬರಬೇಕು. ಮಂಗಳೂರು ಹಂಚಿನವರು ಪುಣ್ಯವಂತರು; ಬೆಳಕಿಗಾಗಿ ಅದೇ ಆಕಾರದ ಗಾಜಿನ ಹಂಚು ಸಿಕ್ಕುವುದರಿಂದ ತೂತಿನ ಮಾತೇ ಇಲ್ಲ.

ಗೋಡೆಯ ತೂತನ್ನು ಜನ ಅಷ್ಟಾಗಿ ಲೆಕ್ಕಿಸುವುದಿಲ್ಲ. ತಂತಿಯ ಕೊಳವೆಯನ್ನು ಹೊರಕ್ಕೆ ಇಳಿಜಾರಾಗಿ ಕೂಡಿಸಿ, ಹೊರಬಾಯಿಯನ್ನು ಕೆಳಕ್ಕೆ ಬಾಗಿಸಬೇಕು. ಇಲ್ಲವಾದರೆ ಹನಿ ಕೊಳವೆಯ ಬೆನ್ನೇರಿ ಗೋಡೆಯ ಹೊಟ್ಟೆಗೇ ಇಳಿಯುತ್ತದೆ. ಇಟ್ಟಿಗೆಯ ಗೋಡೆಯಾದರೆ ಸುಣ್ಣ ಉದುರೀತು. ಮಣ್ಣಿನ ಗೋಡೆಯಾದರೆ ಜೀವಕ್ಕೇ ಸಂಚಕಾರ. ನಮ್ಮ ಸೀಮೆಯಲ್ಲಿ ವರ್ಷದ ಮಳೆ ಹೆಚ್ಚಲ್ಲ. ಆದರೆ ಬಂದರೆ ಒಮ್ಮೆಲೇ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಹಸ್ತದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡದೆ ಸುರಿದು, ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳನ್ನು ಕೆಡವಿತು. ಅಂಥ ಮಳೆಯನ್ನು ಕೊರಳಪಟ್ಟಿಯೊಂದೇ ತಡೆಯುತ್ತದೆಂದು ನಾನು ಹೇಳಲಾರೆ. ಆದರೆ ದೋಣಿಯ ಮಗ್ಗುಲಿನ ಸಂದಿನಿಂದ ವರ್ಷ ವರ್ಷವೂ ನೀರು ಕುಡಿದ ಗೋಡೆ, ದೊಡ್ಡ ಮಳೆ ಬರುವ ಮೊದಲೇ ಅರ್ಧ ಸೋತಿರುತ್ತದೆ. ದೋಣಿಯ ಮೂತಿ ಗೋಡೆಯಿಂದ ಒಂದು ಮೊಳವಾದರೂ ಹೊರಗೆ ಚಾಚಿರಬೇಕು. ಮಗ್ಗುಲಿನ ಗಾರೆ ಬಿಟ್ಟಿದ್ದರೆ ಈಗಲೇ ತುಂಬಿಸಬೇಕು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಮಳೆಗೆ ಕಾಯಬೇಕಾಗಿಲ್ಲ. ಸ್ಲ್ಯಾಬಿನ ಮೇಲೆ ಹೊರಕೊಳವೆಯ ಸುತ್ತ ಜೇಡಿಮಣ್ಣಿನ ಬದು ಹಾಕಿ, ನಾಲ್ಕು ಬೆರಳು ನೀರು ನಿಲ್ಲಿಸಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಒಳಗೆ ತೇವ ಕಂಡರೆ ದೋಷ ಬುಡದಲ್ಲಿದೆ. ಕಾಣದಿದ್ದರೆ ಟೊಪ್ಪಿಗೆಯ ಮೇಲೆ ತಂಬಿಗೆಯಿಂದ ನೀರು ಸುರಿಯಿರಿ. ಆಗ ಒಸರಿದರೆ ದೋಷ ಮೇಲಿದೆ. ಮಣ್ಣಿನ ಮಾಳಿಗೆಗೆ ಮಾತ್ರ ಈ ನೀರಿನ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಮಿರಗ ಕೂಡುವುದಕ್ಕೆ ಹದಿನೈದು ದಿನ ಮುಂಚೆ ಮೇಲೆ ಹತ್ತಿ, ಬೆಳಕಿಂಡಿಯ ಗಡಿಗೆಯ ಸುತ್ತ ಒಂದು ಜೋಳದ ಕಡ್ಡಿಯನ್ನು ಆಡಿಸಿ ನೋಡಿರಿ. ಕಡ್ಡಿ ಸಂದಿನಲ್ಲಿ ಇಳಿದರೆ, ಒಂದು ಬಂಡಿ ಸವಳು ತರಿಸಿರಿ.