ಕಂಪ್ಯೂಟರಿನೊಳಗೆ ನಮ್ಮ ಸಂಘದ ಲೆಕ್ಕ ಎಲ್ಲಿರುತ್ತದೆ?

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹರೂಪ)



ಕಂಪ್ಯೂಟರ್ ಅಂದ ಕೂಡಲೇ "ಅದು ಮಕ್ಕಳಿಗೆ, ಕಲಿತವರಿಗೆ" ಎಂದು ಹಿಂದೆ ಸರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಆದರೆ ಪಹಣಿಯನ್ನು ನೆನಪಿಸಿಕೊಳ್ಳಿ. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದ ಪಹಣಿ 'ಭೂಮಿ' ಯೋಜನೆ ಬಂದ ಮೇಲೆ, 2000ದ ದಶಕದ ಆರಂಭದಲ್ಲಿ, ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಕಂಪ್ಯೂಟರಿನಿಂದ ಸಿಗತೊಡಗಿತು. ಆಮೇಲೆ ಬ್ಯಾಂಕ್ ಖಾತೆ, ಪಡಿತರ ಚೀಟಿ ಎಲ್ಲವೂ ಅದರೊಳಗೆ ಹೋಯಿತು. 2015ರಲ್ಲಿ ನಬಾರ್ಡ್ 'ಇ-ಶಕ್ತಿ' ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಲೆಕ್ಕವನ್ನೂ ಕಂಪ್ಯೂಟರಿಗೆ ಏರಿಸಲು ಶುರು ಮಾಡಿತು. ವಾರ ವಾರ ನಾವು ಕೂಡಿಟ್ಟ ಹಣದ ಲೆಕ್ಕ ಅದು. ಹಾಗಾಗಿ ಆ ಪೆಟ್ಟಿಗೆಯೊಳಗೆ ಲೆಕ್ಕ ಕೂತಿರುವುದು ಎಲ್ಲಿ, ಯಾವುದು ಕೆಟ್ಟರೆ ಅದು ಹೋಗುತ್ತದೆ, ಯಾವುದು ಕೆಟ್ಟರೂ ಉಳಿಯುತ್ತದೆ ಎಂಬುದು ಬರೆಯುವ ಒಬ್ಬಳಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಟಿ.ವಿ.ಯಂತೆ ಕಾಣುವ ಪರದೆಯೇ ಕಂಪ್ಯೂಟರ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಅದು ತೋರಿಸುವ ಕನ್ನಡಿ ಮಾತ್ರ. ಪರದೆ ಒಡೆದು ಚೂರಾದರೂ ಲೆಕ್ಕದ ಒಂದು ಪೈಸೆ ಅಳಿಯುವುದಿಲ್ಲ. ಕೆಲಸ ನಡೆಯುವುದು ಪಕ್ಕದ ಪೆಟ್ಟಿಗೆಯಲ್ಲಿ. ಲ್ಯಾಪ್‌ಟಾಪ್ ಆದರೆ ಕೀಲಿಮಣೆಯ ಕೆಳಗೆ.

ಬೀಡಿ ಕಟ್ಟುವುದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಎಲೆಯ ಕಟ್ಟು, ಹೊಗೆಸೊಪ್ಪು ಒಳಗಿನ ಕೋಣೆಯಲ್ಲಿರುತ್ತದೆ. ಈಗ ಬೇಕಾದಷ್ಟನ್ನು ಮಾತ್ರ ಮಡಿಲಿನ ತಡ್ಪೆಗೆ ಹಾಕಿಕೊಳ್ಳುತ್ತೇವೆ. ಕೈ ಓಡುವುದು ತಡ್ಪೆಯ ಮೇಲೆ. ಕಂಪ್ಯೂಟರ್ ಕೂಡ ಹೀಗೆಯೇ. ಕೈಯ ಕೆಲಸ ಮಾಡುವುದು ಪ್ರೊಸೆಸರ್. ಅದಕ್ಕೆ ಗೊತ್ತಿರುವ ವಿದ್ಯೆ ಬಹಳ ಇಲ್ಲ. ಕೂಡಿಸುವುದು, ಹೋಲಿಸಿ ನೋಡುವುದು, ಇಲ್ಲಿಂದ ಅಲ್ಲಿಗೆ ಇಡುವುದು, ಅಷ್ಟೇ. ಆದರೆ ಇದನ್ನು ಸೆಕೆಂಡಿಗೆ ನೂರಾರು ಕೋಟಿ ಸಲ ಮಾಡುತ್ತದೆ. ಅದರಿಂದಲೇ ಬಿಸಿಯಾಗುತ್ತದೆ, ತಲೆ ಮೇಲೊಂದು ಫ್ಯಾನ್ ಬೇಕಾಗುತ್ತದೆ. ಧೂಳು ಕಟ್ಟಿ ಫ್ಯಾನ್ ನಿಂತರೆ ಯಂತ್ರ ಬಂದ್.

ತಡ್ಪೆಯ ಜಾಗದಲ್ಲಿರುವುದು ರ್‍ಯಾಮ್. ಒಳಗಿನ ಕೋಣೆಯೆಂದರೆ ಹಾರ್ಡ್ ಡಿಸ್ಕ್. ಹೊಸ ಯಂತ್ರಗಳಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಇರುತ್ತದೆ. ಮುಖ್ಯ ವ್ಯತ್ಯಾಸ ಇಷ್ಟು: ಕರೆಂಟು ಹೋದ ಕ್ಷಣವೇ ರ್‍ಯಾಮ್ ಎಲ್ಲವನ್ನೂ ಮರೆತುಬಿಡುತ್ತದೆ, ಡಿಸ್ಕ್ ಮರೆಯುವುದಿಲ್ಲ. ನೀವು ಟೈಪ್ ಮಾಡಿದ ಉಳಿತಾಯ, ಸಾಲದ ಕಂತು ಮೊದಲು ಇರುವುದು ತಡ್ಪೆಯಲ್ಲಿ. 'ಸೇವ್' ಒತ್ತಿದಾಗಲೇ ಅದು ಕೋಣೆಗೆ ಹೋಗುವುದು. ಕೆಲವು ತಂತ್ರಾಂಶಗಳು ಆಗಾಗ ತಾವಾಗಿಯೇ ಉಳಿಸುತ್ತವೆ, ಆದರೆ ಅದನ್ನು ನಂಬಿ ಕೂರಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲವಲ್ಲ!

ಅಂಗಡಿಯಲ್ಲಿ ರ್‍ಯಾಮ್ 8 ಜಿ.ಬಿ., ಡಿಸ್ಕ್ 500 ಜಿ.ಬಿ. ಎಂದೆಲ್ಲ ಹೇಳುತ್ತಾರೆ. ತಡ್ಪೆ ದೊಡ್ಡದಾದಷ್ಟೂ ಎದ್ದು ಹೋಗುವ ಕೆಲಸ ಕಡಿಮೆ, ಕಂಪ್ಯೂಟರ್ ಚುರುಕು. ಡಿಸ್ಕ್ ಮಾತ್ರ ಸಂಘದ ಲೆಕ್ಕಕ್ಕೆ ಬಹಳ ದೊಡ್ಡದು ಬೇಡ. 20 ಸದಸ್ಯೆಯರು ವಾರಕ್ಕೊಮ್ಮೆಯಂತೆ 10 ವರ್ಷ ಉಳಿತಾಯ ಮಾಡಿದರೆ ಸುಮಾರು 10,400 ಸಾಲು ಆಗುತ್ತದೆ. ಮೊಬೈಲಿನ ಒಂದೆರಡು ಫೋಟೊ ಹಿಡಿಯುವ ಜಾಗ ಇದಕ್ಕೆ ಧಾರಾಳ ಸಾಕು.

ಇಷ್ಟೆಲ್ಲ ಇದ್ದರೂ ಹೇಳುವವರಿಲ್ಲದಿದ್ದರೆ ಇವು ಬರೀ ಕಬ್ಬಿಣ, ಪ್ಲಾಸ್ಟಿಕ್. ಹೇಳುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನದ್ದು. ವಿಂಡೋಸ್, ಲಿನಕ್ಸ್ ಎಂಬುವು ಅವುಗಳ ಹೆಸರುಗಳು. ನಮ್ಮ ಮೊಬೈಲಿನ ಆಂಡ್ರಾಯ್ಡ್ ಕೂಡ ಅದೇ, ಅದರ ತಿರುಳು ಲಿನಕ್ಸ್. ಸಭೆಯಲ್ಲಿ ಇಪ್ಪತ್ತು ಮಂದಿ ಒಟ್ಟಿಗೆ ಮಾತಾಡಿದರೆ ಏನೂ ಕೇಳಿಸದು. ಅಧ್ಯಕ್ಷೆ ಒಬ್ಬೊಬ್ಬರಿಗೆ ಸರದಿ ಕೊಡುತ್ತಾಳೆ. ಇದೂ ಹಾಗೆಯೇ: ಲೆಕ್ಕದ ತಂತ್ರಾಂಶಕ್ಕೆ, ಪ್ರಿಂಟರಿಗೆ, ಇಂಟರ್ನೆಟ್ಟಿಗೆ ಕಣ್ಣು ಮಿಟುಕಿಸುವುದರೊಳಗೆ ಸರದಿ ಹಂಚುತ್ತದೆ. ಇದು ವಾಸವಾಗಿರುವುದೂ ಡಿಸ್ಕ್‌ನಲ್ಲೇ. ಗುಂಡಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕಾಗುವುದು ಯಾಕೆಂದರೆ, ಅದು ಕೋಣೆಯಿಂದ ತಡ್ಪೆಗೆ ಬರಬೇಕು.

ಯಂತ್ರ ಬೇರೆ, ಅದನ್ನು ನಡೆಸುವುದು ಬೇರೆ ಎಂಬುದಕ್ಕೆ ಕೀಲಿಮಣೆಯೇ ಸಾಕ್ಷಿ. ಕೀಲಿಯ ಮೇಲೆ ಇಂಗ್ಲಿಷಿನ 'ಕೆ' ಅಚ್ಚಾಗಿದ್ದರೂ ಅದನ್ನು ಒತ್ತಿದಾಗ ಒಳಗೆ ಹೋಗುವುದು ಅಕ್ಷರವಲ್ಲ, ಒಂದು ಸಂಖ್ಯೆ. ಅದು 'ಕೆ'ಯೋ 'ಕ'ವೋ ಎಂದು ತೀರ್ಮಾನಿಸುವುದು ತಂತ್ರಾಂಶ. ಹೀಗೆ ಸಾಮಾನ್ಯ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಬರೆಯುವ ವಿನ್ಯಾಸ ಮಾಡಿದವರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್. 'ನುಡಿ'ಯಲ್ಲಿ ಬಳಕೆಯಾಗುವುದು ಅದೇ ವಿನ್ಯಾಸ. ಹಳೆಯ ನುಡಿ ಅಕ್ಷರದಲ್ಲಿ ಬರೆದಿಟ್ಟ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಗಾಬರಿಯಾಗಿ ಅಳಿಸಬೇಡಿ. ಲೆಕ್ಕ ಹಾಳಾಗಿಲ್ಲ, ಆ ಯಂತ್ರದಲ್ಲಿ ಆ ಅಕ್ಷರಶೈಲಿ ಇಲ್ಲ, ಅಷ್ಟೇ. ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇಲ್ಲ.

ಇನ್ನು ರಿಪೇರಿ ವಿಷಯ. "ಕಂಪ್ಯೂಟರ್ ಆನ್ ಆಗ್ತಾ ಇಲ್ಲ, ಎಲ್ಲಾ ಹೋಯ್ತು" ಎಂದು ಯಾರಾದರೂ ಹೇಳಿದರೆ ಹೋದದ್ದು ಯಾವುದು ಎಂದು ಕೇಳಿ. ಸಿಡಿಲಿಗೆ ಸಾಮಾನ್ಯವಾಗಿ ಸುಡುವುದು 230 ವೋಲ್ಟ್ ಕರೆಂಟನ್ನು 12, 5 ವೋಲ್ಟಿಗೆ ಇಳಿಸಿಕೊಡುವ ಎಸ್.ಎಂ.ಪಿ.ಎಸ್., ಇಲ್ಲವೇ ಮದರ್ ಬೋರ್ಡ್. ಡಿಸ್ಕ್ ಹೆಚ್ಚಾಗಿ ಉಳಿದಿರುತ್ತದೆ, ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಲೆಕ್ಕ ತೆಗೆಯಬಹುದು. ಯು.ಪಿ.ಎಸ್. ಇದೆಯೆಂದು ಧೈರ್ಯ ಬೇಡ. ಅದು ಸೇವ್ ಮಾಡಿ ಮುಚ್ಚಲು ಹತ್ತು ಹದಿನೈದು ನಿಮಿಷ ಕೊಡುತ್ತದೆಯೇ ಹೊರತು ಸಿಡಿಲನ್ನು ತಡೆಯುವುದಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ.

"ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡ್ಬೇಕು" ಅಂದರೆ ಎಚ್ಚರ. ಯಂತ್ರ ಸರಿಯೇ ಇದೆ, ನಡೆಸುವವನು ಮಾತ್ರ ಕೆಟ್ಟಿದ್ದಾನೆ ಎಂದು ಅದರ ಅರ್ಥ. ಆದರೆ ಫಾರ್ಮ್ಯಾಟ್ ಅಂದರೆ ಆ ಕೋಣೆಯನ್ನು ಖಾಲಿ ಮಾಡುವುದು. ಪರದೆಯ ಮೇಲೆಯೇ, ಅಂದರೆ ಡೆಸ್ಕ್‌ಟಾಪ್‌ನಲ್ಲಿ, ಇಟ್ಟ ಕಡತಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರುತ್ತವೆ, ಮೊದಲು ಹೋಗುವುದು ಅವೇ. "ಮೊದಲು ನಮ್ಮ ಕಡತ ಪೆನ್ ಡ್ರೈವ್‌ಗೆ ಹಾಕಿ ಕೊಡಿ, ಮತ್ತೆ ಫಾರ್ಮ್ಯಾಟ್ ಮಾಡಿ" ಎಂದು ಹೇಳಲು ನಾಚಿಕೆ ಬೇಡ.

ಹಾಗೆಯೇ ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಅರ್ಥ ನಿಮ್ಮ ಯಂತ್ರ ಸತ್ತಿತು ಎಂದಲ್ಲ. ಭದ್ರತೆಯ ತೇಪೆ ಮೊದಲಿನಂತೆ ತಾನಾಗಿ ಬರುವುದಿಲ್ಲ, ಹಾಗಾಗಿ ಇಂಟರ್ನೆಟ್ಟಿಗೆ ಜೋಡಿಸಿದರೆ ಅಪಾಯ ಹೆಚ್ಚು. ಹೊಸದು ಕೊಳ್ಳುವ ಮೊದಲು, ಹಳೆಯ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಹಾಕಿಸಬಹುದೇ ಎಂದು ವಿಚಾರಿಸಿ. ನಮ್ಮ ಅಭಿಪ್ರಾಯದಲ್ಲಿ ಬರೀ ಲೆಕ್ಕ, ಪತ್ರ ಬರೆಯುವ ಸಂಘಕ್ಕೆ ಅದು ಸಾಕಾಗುತ್ತದೆ.

ಕೈಬರಹದ ಪುಸ್ತಕವನ್ನಂತೂ ಬಿಡಬೇಡಿ. ತಿಂಗಳ ಕೊನೆಯ ಸಭೆಯ ನಂತರ ಲೆಕ್ಕವನ್ನು ಎರಡು ಪೆನ್ ಡ್ರೈವ್‌ಗೆ ನಕಲು ಮಾಡಿ. ಒಂದು ಕಾರ್ಯದರ್ಶಿಯ ಮನೆಯಲ್ಲಿ, ಇನ್ನೊಂದು ಬೇರೆ ಸದಸ್ಯೆಯ ಮನೆಯಲ್ಲಿ ಇರಲಿ. ನಕಲು ಮಾಡಿದ್ದನ್ನು ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ಸಾಲಿನ ಮೊತ್ತ ಪುಸ್ತಕದ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂದು ಇಬ್ಬರು ಸೇರಿ ನೋಡಿ ಸಹಿ ಹಾಕಿ.