ಗುರಿ ತಪ್ಪಿದ ಗುಂಡಿನ ಬೆಲೆ



1907ರಲ್ಲಿ ಹಿಮಾಲಯದ ಕುಮಾವೂಂ ಸೀಮೆಯ ಚಂಪಾವತ್‌ನಲ್ಲಿ ಜಿಮ್ ಕಾರ್ಬೆಟ್ ಕೊಂದ ಹೆಣ್ಣು ಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಸತ್ತ ಹುಲಿಯ ಬಲಗಡೆಯ ಎರಡೂ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡೇ ಅದಕ್ಕೆ ಕಾರಣ, ಅದರಿಂದಾಗಿ ಸಹಜ ಬೇಟೆ ಸಾಧ್ಯವಾಗದೆ ಹುಲಿ ನರಭಕ್ಷಕವಾಯಿತು ಎಂದು ಕಾರ್ಬೆಟ್ ಬರೆದರು.

ಈ ಸಾಹಸಕ್ಕೆ ಅವರಿಗೆ ಸಿಕ್ಕ ಬಹುಮಾನ ರಿಗ್ಬಿ ಕಂಪನಿಯ .275 ರೈಫಲ್. ಆನೆ ಹೊಡೆಯುವ ಕೋವಿಗಳ ಮುಂದೆ ಇದರ ಗುಂಡು ತೀರಾ ಸಣ್ಣದು: 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಆದರೂ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದದ್ದು ಇದೇ ರೈಫಲ್. ಭುಜಕ್ಕೆ ಜೋರಾಗಿ ಒದೆಯದ ಕೋವಿಯಲ್ಲಿ ಗುರಿ ಹಿಡಿಯುವುದು ಸುಲಭ.

ಕೋವಿಯೊಂದೇ ಚೆನ್ನಾಗಿದ್ದರೆ ಸಾಲದು. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳಿಸುತ್ತವೆ, ನಿಜ. ಆದರೆ ತೋಟಾದಿಂದ ತೋಟಾಕ್ಕೆ ಮದ್ದಿನ ತೂಕ ಬದಲಾದರೆ ವೇಗವೂ ಬದಲಾಗುತ್ತದೆ. ದೂರದ ಗುರಿಯಲ್ಲಿ ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಆದ್ದರಿಂದಲೇ ಅಮೆರಿಕದಂಥ ಕಡೆ ತಾವೇ ತೋಟಾ ತುಂಬಿಕೊಳ್ಳುವ ಬೇಟೆಗಾರರು ಅಕ್ಕಸಾಲಿಗರಂತೆ ಮದ್ದು ತೂಗುತ್ತಾರೆ. ಕಾಗದದ ಗುರಿಯ ಮೇಲೆ ಗುಂಡುಗಳು ಒತ್ತೊತ್ತಾಗಿ ಬೀಳುವವರೆಗೆ ಒಳ್ಳೆಯ ಬೇಟೆಗಾರ ಕಾಡಿಗೆ ಇಳಿಯುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ ಬೇಟೆಯನ್ನು ನಿಷೇಧಿಸಿತು. ಅದು ಒಳ್ಳೆಯದೇ ಆಯಿತು. ಚಂಪಾವತ್‌ನ ಪಾಠವನ್ನು ಮಾತ್ರ ಮರೆಯಬಾರದು. ಗುರಿ ತಪ್ಪಿದಾಗ ಹೊಡೆದವನಿಗೆ ಹೋದದ್ದು ಒಂದು ತೋಟಾ; ಪ್ರಾಣ ಕಳೆದುಕೊಂಡವರು ಸೊಪ್ಪು ಸೌದೆಗೆಂದು ಕಾಡಿಗೆ ಹೋದ ಬಡ ಹೆಂಗಸರು.